ಗೀರು ಬೀಳದಂತೆ ಒತ್ತುವ ಹದ

ತಾಳೆಗರಿಯ ಮೇಲೆ ಕಂಠದಿಂದ ಬರೆಯುತ್ತಿದ್ದ ಕಾಲದಲ್ಲಿ ಗೀರುವುದೇ ಬರಹವಾಗಿತ್ತು. ಲೋಹದ ಮೊನೆ ಗರಿಯನ್ನು ಕೊರೆಯಬೇಕು, ಆದರೆ ಹರಿಯಬಾರದು. ಕೊರೆದ ಗೆರೆಗೆ ಮಸಿ ತೊಡೆದು ಒರಸಿದಾಗ ಅಕ್ಷರ ಎದ್ದು ಕಾಣಬೇಕು. ಇಂದು ನಮ್ಮ ಊರುಗಳಿಗೆ ಅಕ್ಷರಗಳು ಬೇರೊಂದು ದಾರಿಯಿಂದ ಬರುತ್ತಿವೆ. ಗಣಕಯಂತ್ರದಲ್ಲಿ ಜೋಡಿಸಿದ ಪದವನ್ನು ಕತ್ತರಿಸುವ ಯಂತ್ರವು ಬಣ್ಣದ ವಿನೈಲ್ ಹಾಳೆಯಲ್ಲಿ ಕೊರೆದು ಕೊಡುತ್ತದೆ. ಅದನ್ನು ಅಂಗಡಿಯ ಗಾಜಿಗೆ, ಟ್ರ್ಯಾಕ್ಟರಿನ ತಗಡಿಗೆ, ಶಾಲೆಯ ಫಲಕಕ್ಕೆ ಅಂಟಿಸುತ್ತಾರೆ. ಇಲ್ಲಿ ಗೀರು ಬರಹವಲ್ಲ, ದೋಷ. ಹೊಸದಾಗಿ ಅಂಟಿಸಿದ ಹೆಸರಿನ ಮೇಲೆ ಬೆಕ್ಕು ಪರಚಿದಂತೆ ಗೆರೆಗಳು ಮೂಡಿದ್ದರೆ ಅದಕ್ಕೆ ಬಹುಮಟ್ಟಿಗೆ ಹಾಳೆ ಕಾರಣವಲ್ಲ, ಅದನ್ನು ಒತ್ತಿದ ಉಪಕರಣ ಕಾರಣ.

ಆ ಉಪಕರಣಕ್ಕೆ ಸ್ಕ್ವೀಜಿ ಎಂದು ಹೆಸರು. ಅಂಗೈ ಅಗಲದ, ಸುಮಾರು ನಾಲ್ಕು ಅಂಗುಲ ಉದ್ದದ ಒಂದು ಪಟ್ಟಿ. ನೋಡಿದರೆ ಏನೂ ಅಲ್ಲ. ಕನ್ನಡದಲ್ಲಿ ಇದನ್ನು ‘ಒತ್ತುಪಟ್ಟಿ’ ಎಂದು ಕರೆದರೆ ಅರ್ಥ ತಾನೇ ತಿಳಿಯುತ್ತದೆ. ಬೆಲೆಯಲ್ಲಿ ಅಲ್ಪವಾದುದರಿಂದ ಇದರ ಆಯ್ಕೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ಸಾವಿರಾರು ರೂಪಾಯಿಯ ಕೆಲಸ ಕೆಡುವುದೂ ಉಳಿಯುವುದೂ ಈ ಅಲ್ಪ ವಸ್ತುವಿನ ಅಂಚಿನಲ್ಲಿಯೇ ಇದೆ. ನಮ್ಮ ಸಮಾಜದ ಅನೇಕ ತರುಣರು ಈ ಉದ್ಯೋಗವನ್ನು ಕೈಗೊಂಡಿರುವುದರಿಂದಲೂ, ಮನೆಮನೆಯಲ್ಲಿ ಇಂತಹ ಅಂಟುಹಾಳೆಗಳ ಬಳಕೆ ಹೆಚ್ಚಿರುವುದರಿಂದಲೂ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬಿನ್ನವಿಸಬೇಕೆಂದು ನಮಗೆ ತೋರಿತು.

ರಾತ್ರಿಯ ದಾರಿ

ಇದು ಕೇವಲ ಅಂದಚೆಂದದ ಮಾತಲ್ಲ. ಮಲಪ್ರಭೆಯ ದಂಡೆಯ ಮುನವಳ್ಳಿಯ ಸುತ್ತಿನ ರಸ್ತೆಗಳನ್ನು ಚಳಿಗಾಲದ ರಾತ್ರಿಯಲ್ಲಿ ನೋಡಿದವರಿಗೆ ಇದರ ಗಾಂಭೀರ್ಯ ತಿಳಿಯುತ್ತದೆ. ಊರಿನ ಹತ್ತಿರವೇ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಾಗುತ್ತವೆ. ಅದೇ ಕಾಲದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬರುತ್ತವೆ. ಸವದತ್ತಿಯ ಗುಡ್ಡಕ್ಕೆ ಹೋಗುವ ಭಕ್ತರು ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ, ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕಬ್ಬಿನ ಹೊರೆಯೂ ಭಕ್ತರ ಬಂಡಿಯೂ ಒಂದೇ ದಾರಿಯಲ್ಲಿ, ಒಂದೇ ಕತ್ತಲೆಯಲ್ಲಿ ಸಾಗಬೇಕು.

ಹಿಂದಿನವರು ಚಕ್ಕಡಿಯ ಅಚ್ಚಿನ ಕೆಳಗೆ ಕಂದೀಲು ಕಟ್ಟುತ್ತಿದ್ದರು. ಇಂದು ಆ ಸ್ಥಾನವನ್ನು ಬೆಳಕು ಹಿಂದಿರುಗಿಸುವ ಪ್ರತಿಫಲನ ಪಟ್ಟಿಗಳು ವಹಿಸಿಕೊಂಡಿವೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವ ವಾಹನವು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರು ಕ್ರಮಿಸುತ್ತದೆ. ಮುಂದೆ ನಿಂತ ಟ್ರೇಲರು 100 ಮೀಟರು ದೂರದಿಂದಲೇ ಕಂಡರೆ ಚಾಲಕನಿಗೆ ಆರು ಸೆಕೆಂಡುಗಳ ಅವಕಾಶವಿದೆ. 30 ಮೀಟರಿಗೆ ಬಂದಾಗ ಮಾತ್ರ ಕಂಡರೆ ಎರಡು ಸೆಕೆಂಡೂ ಇಲ್ಲ. ಈ ಅಂತರವೇ ಒಂದು ಕುಟುಂಬದ ಸುಖ ಮತ್ತು ಶೋಕದ ನಡುವಿನ ಅಂತರ.

ಪ್ರತಿಫಲನ ಪಟ್ಟಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಜಿನ ಮಣಿಗಳಾಗಲಿ, ಸೂಕ್ಷ್ಮವಾದ ಪಟ್ಟಕಗಳಾಗಲಿ ಇರುತ್ತವೆ. ಅವು ಬಂದ ಬೆಳಕನ್ನು ಅತ್ತಿತ್ತ ಚೆಲ್ಲದೆ ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ. ಆದುದರಿಂದಲೇ ದೀಪ ಹಾಕಿಕೊಂಡು ಬರುವ ಚಾಲಕನ ಕಣ್ಣಿಗೆ ಅದು ಉರಿಯುವ ಕೆಂಡದಂತೆ ಕಾಣುತ್ತದೆ. ಪಟ್ಟಿಯ ಮೇಲ್ಮೈ ಗೀರಿ ಹೋದರೆ ಬೆಳಕು ಚದುರುತ್ತದೆ, ಹೊಳಪು ಕುಂದುತ್ತದೆ. ಅಂಟಿಸುವಾಗ ಕಬ್ಬಿಣದ ತುಂಡಿನಿಂದಲೋ ಪಾನದ ಹಿಡಿಕೆಯಿಂದಲೋ ಜಜ್ಜಿ ಉಜ್ಜಿದರೆ ಒಳಗಿನ ಗೂಡುಗಳೇ ನುಜ್ಜಾಗಬಹುದು. ಧೂಳಿನ ಮೇಲೆ ಅಂಟಿಸಿದರೆ ಎರಡು ವಾರದಲ್ಲಿ ಪಟ್ಟಿ ಕಳಚಿ ಕಬ್ಬಿನ ರವದಿಯ ಜೊತೆಗೆ ಎಲ್ಲಿಯೋ ಬೀಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 104ನೇ ನಿಯಮವು ಪ್ರತಿಫಲಕಗಳನ್ನು ಕುರಿತು ಹೇಳುತ್ತದೆ. ಸಾಮಾನ್ಯವಾಗಿ ವಾಹನದ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಎಂಬ ಕ್ರಮವಿದೆ. ನಿಯಮವನ್ನು ಪಾಲಿಸಿದೆವೆಂದು ತೋರಿಸಲು ಅಂಟಿಸುವುದು ಬೇರೆ, ಹಂಗಾಮು ಮುಗಿಯುವವರೆಗೆ ನಿಲ್ಲುವಂತೆ ಅಂಟಿಸುವುದು ಬೇರೆ.

ಹಾಳೆ ಹುಟ್ಟಿದ ಬಗೆ

ಉಪಕರಣವನ್ನು ಅರಿಯಲು ಮೊದಲು ಅದು ಒತ್ತುವ ವಸ್ತುವನ್ನು ಅರಿಯಬೇಕು. ಗಡುಸಾದ ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಿ ಬಳಕೆಗೆ ತಂದವನು ವಾಲ್ಡೊ ಸೆಮನ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ. ಅದು 1926ರ ಮಾತು. 1935ರಲ್ಲಿ ಸ್ಟ್ಯಾಂಟನ್ ಏವರಿ ಎಂಬವನು, ನೀರಿನಲ್ಲಿ ನೆನೆಸದೆ ಸುಮ್ಮನೆ ಒತ್ತಿದರೆ ಅಂಟಿಕೊಳ್ಳುವ ಚೀಟಿಗಳನ್ನು ತಯಾರಿಸತೊಡಗಿದ. ಈ ಎರಡೂ ಕೂಡಿ ಇಂದಿನ ವಿನೈಲ್ ಅಂಟುಹಾಳೆ ಆಗಿದೆ. ಇದರ ಅಂಟಿಗೆ ‘ಒತ್ತಡದ ಅಂಟು’ ಎಂಬುದೇ ಸರಿಯಾದ ಹೆಸರು. ಒತ್ತಡ ಬಿದ್ದಷ್ಟೂ ಅದು ತಗಡಿನ ಸಣ್ಣ ಸಣ್ಣ ತಗ್ಗುಗಳೊಳಗೆ ಇಳಿಯುತ್ತದೆ; ಒಂದು ದಿನ ಕಳೆದ ಮೇಲೆ ಹಿಡಿತ ಇನ್ನೂ ಬಲಿಯುತ್ತದೆ. ಆದುದರಿಂದ ಒತ್ತುಪಟ್ಟಿಯ ಕೆಲಸ ಗಾಳಿ ಹೊರಡಿಸುವುದು ಮಾತ್ರವಲ್ಲ, ಅಂಟನ್ನು ಎಚ್ಚರಗೊಳಿಸುವುದೂ ಹೌದು.

ಹಾಳೆಯಲ್ಲಿ ಎರಡು ಜಾತಿಗಳಿವೆ. ಉರುಳೆಗಳ ನಡುವೆ ಒತ್ತಿ ತೆಳುವಾಗಿಸಿದ ಹಾಳೆ ಅಗ್ಗದ್ದು, ತುಸು ದಪ್ಪ; ಬಿಸಿಲಿಗೆ ಕುಗ್ಗುವ ಸ್ವಭಾವ ಅದಕ್ಕಿದೆ. ಸಪಾಟಾದ ಫಲಕಗಳಿಗೆ ಅದು ಸಾಕು. ದ್ರವವನ್ನು ಹರಡಿ ಒಣಗಿಸಿ ಎರಕದಂತೆ ತಯಾರಿಸಿದ ಹಾಳೆ ಸುಮಾರು 50 ಮೈಕ್ರಾನಿನಷ್ಟು ತೆಳು, ಬೆಲೆ ಹೆಚ್ಚು. ಬಾಗು ಬಳುಕುಗಳಿರುವ ವಾಹನದ ಮೈಗೆ ಅದೇ ಹೊಂದುತ್ತದೆ. ಹೊಳಪಿನ ಹಾಳೆಯಲ್ಲಿ ಗೀರು ಬೇಗ ಕಾಣುತ್ತದೆ. ಮುದ್ರಿಸಿದ ಚಿತ್ರದ ಮೇಲೆ ರಕ್ಷಣೆಯ ಪಾರದರ್ಶಕ ಹೊದಿಕೆ ಇಲ್ಲದಿದ್ದರೆ ಮಸಿಯೇ ಕಿತ್ತುಬರುತ್ತದೆ. ಹೀಗಾಗಿ ಯಾವ ಹಾಳೆ ಎಂಬುದನ್ನು ನೋಡಿ ಪಟ್ಟಿಯನ್ನು ಆರಿಸಬೇಕು.

ಪಟ್ಟಿಗಳ ಬಗೆ

ಸ್ಕ್ವೀಜಿ ಎಂಬ ಹೆಸರಿನ ವಸ್ತುಗಳು ಹಲವು. ಹಡಗಿನ ಅಟ್ಟದ ನೀರು ತಳ್ಳುವ ನಾವಿಕರ ಸಾಧನದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಜಾಳಿಗೆಯ ಮೇಲೆ ಮಸಿ ಎಳೆದು ಮುದ್ರಿಸುವವರ ಕೈಯಲ್ಲಿರುವ ರಬ್ಬರಿನ ಪಟ್ಟಿಯೂ ಸ್ಕ್ವೀಜಿಯೇ; ಕಿಟಕಿಯ ಗಾಜು ತೊಳೆಯುವ ಹಿಡಿಕೆಯ ಸಾಧನವೂ ಸ್ಕ್ವೀಜಿಯೇ. ಹೆಸರು ಒಂದಾದರೂ ಧರ್ಮ ಬೇರೆ. ಆದುದರಿಂದ ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳದೆ ಕೆಲಸ ಹೇಳಿ ಕೊಳ್ಳುವುದು ಒಳಿತು.

ವಿನೈಲ್ ಅಂಟಿಸಲು ಬಳಸುವ ಪಟ್ಟಿಗಳನ್ನು ನಾಲ್ಕು ವರ್ಗ ಮಾಡಬಹುದು. ಮೊದಲನೆಯದು ಮಧ್ಯಮ ಗಡುಸಿನ ಪ್ಲಾಸ್ಟಿಕ್ಕಿನದು. ಅದು ಬೆರಳಿಗೆ ತುಸು ಬಾಗುತ್ತದೆ, ನಿತ್ಯದ ಕೆಲಸಕ್ಕೆ ಇದೇ ಆಧಾರ. ಎರಡನೆಯದು ನೈಲಾನು ಮೊದಲಾದ ಗಡುಸು ಪಟ್ಟಿ. ದಪ್ಪ ಹಾಳೆಯನ್ನು, ವಿಶೇಷವಾಗಿ ಮೇಲೆ ವರ್ಗಾವಣೆಯ ಕಾಗದ ಹೊದಿಸಿರುವ ಅಕ್ಷರಗಳನ್ನು ಬಲವಾಗಿ ಒತ್ತಲು ಇದು ಬೇಕು. ಬರಿಯ ಹಾಳೆಯ ಮೇಲೆ ಇದನ್ನು ಎಳೆಯುವುದು ಅಪಾಯ. ಮೂರನೆಯದು ರಬ್ಬರು ಅಥವಾ ಯುರೆಥೇನಿನ ಮೃದು ಪಟ್ಟಿ. ಗಾಜಿನ ಮೇಲೆ ನೀರು ಸಿಂಪಡಿಸಿ ಅಂಟಿಸುವಾಗ ನೀರನ್ನು ಹೊರಗೆ ತಳ್ಳಲು ಇದು ಯೋಗ್ಯ. ಒಣ ಹಾಳೆಯ ಮೇಲೆ ಇದು ಜಾರದೆ ತಡೆದು ಹಾಳೆಯನ್ನು ಸುಕ್ಕುಗಟ್ಟಿಸುತ್ತದೆ. ನಾಲ್ಕನೆಯದು ಅಂಚಿಗೆ ಉಣ್ಣೆಯ ನಮದೆಯನ್ನು ಅಂಟಿಸಿದ ಪಟ್ಟಿ. ಹೊಳಪಿನ ಹಾಳೆಗೆ, ಮುದ್ರಿತ ಚಿತ್ರಕ್ಕೆ, ಪ್ರತಿಫಲನ ಪಟ್ಟಿಗೆ ಇದೇ ಶ್ರೇಷ್ಠ. ಮಧ್ಯಮ ಪಟ್ಟಿಗೆ ತೊಡಿಸುವ ಮೃದುವಾದ ಬಟ್ಟೆಯ ಚೀಲಗಳೂ ದೊರೆಯುತ್ತವೆ. ಅವೂ ಇದೇ ಫಲ ಕೊಡುತ್ತವೆ.

ಬಣ್ಣ ನೋಡಿ ಗಡುಸನ್ನು ನಿರ್ಣಯಿಸಬಾರದು. ಒಬ್ಬ ತಯಾರಕನ ಹಳದಿ ಪಟ್ಟಿ ಮತ್ತೊಬ್ಬನ ನೀಲಿ ಪಟ್ಟಿಗಿಂತ ಮೃದುವಾಗಿರಬಹುದು, ಇಲ್ಲವೆ ಗಡುಸಾಗಿರಬಹುದು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಬಾಗಿಸಿ ನೋಡುವುದೇ ಉತ್ತಮ ಪರೀಕ್ಷೆ. ಹೊಸದಾಗಿ ವೃತ್ತಿ ಆರಂಭಿಸುವವರಿಗೆ ಒಂದು ಮಧ್ಯಮ ಪಟ್ಟಿ, ಒಂದು ನಮದೆಯ ಅಂಚಿನದು, ಗಾಜಿನ ಕೆಲಸಕ್ಕೆ ಒಂದು ರಬ್ಬರಿನದು, ಈ ಮೂರು ಸಾಕು. ಇಪ್ಪತ್ತು ಬಗೆಯ ಪಟ್ಟಿಗಳನ್ನು ಕೊಂಡು ಒಂದರ ಅಂಚನ್ನೂ ಕಾಯದವನಿಗಿಂತ, ಮೂರನ್ನು ಕೊಂಡು ಮೂರನ್ನೂ ಕಾಯುವವನೇ ಮೇಲು.

ಅಂಚಿನ ಪರೀಕ್ಷೆ

ಗೀರಿಗೆ ಮುಖ್ಯ ಕಾರಣಗಳು ಎರಡು: ಅಂಚಿನಲ್ಲಿ ಬಿದ್ದ ಕಚ್ಚು, ಅಂಚಿಗೆ ಹತ್ತಿದ ಮರಳು. ಹಾಳೆ ಕೊಯ್ಯುವ ಅಲಗಿನ ಜೊತೆ ಪಟ್ಟಿಯನ್ನು ಒಂದೇ ಚೀಲದಲ್ಲಿ ಹಾಕಿದರೆ ಕಚ್ಚು ಬೀಳುವುದು ನಿಶ್ಚಯ. ಹಳೆಯ ಬಣ್ಣ ಕೆರೆಯಲು, ಡಬ್ಬಿಯ ಮುಚ್ಚಳ ಎಬ್ಬಿಸಲು ಅದನ್ನೇ ಬಳಸುವ ರೂಢಿಯೂ ಕೆಲವರಲ್ಲಿದೆ. ಊಟದ ಕೈಯಿಂದ ಕಸ ತೆಗೆದಂತೆ ಅದು.

ಪ್ರತಿ ಕೆಲಸಕ್ಕೆ ಮೊದಲು ಅಂಚಿನ ಉದ್ದಕ್ಕೂ ಉಗುರನ್ನು ಮೆಲ್ಲಗೆ ಎಳೆಯಬೇಕು. ಇನ್ನೂ ಸೂಕ್ಷ್ಮವಾಗಿ ತಿಳಿಯಬೇಕಾದರೆ ಒಂದಿಷ್ಟು ಅರಳೆಯನ್ನು ಅಂಚಿನ ಮೇಲೆ ಆಡಿಸಬೇಕು. ಕಚ್ಚು ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಪಟ್ಟಿಯನ್ನು ಎಸೆಯಬೇಕಾಗಿಲ್ಲ. ಗಾಜಿನ ಮೇಲೆ 400 ಅಂಕಿಯ ಮರಳುಕಾಗದವನ್ನು ಹಾಸಿ, ಪಟ್ಟಿಯನ್ನು ನೆಟ್ಟಗೆ ಹಿಡಿದು, ಒಂದೇ ಸಮನೆ ಹಿಂದೆ ಮುಂದೆ ಎಳೆದರೆ ಅಂಚು ಮತ್ತೆ ಸರಳವಾಗುತ್ತದೆ. ಅನಂತರ 800 ಅಥವಾ ಅದಕ್ಕಿಂತ ನಯವಾದ ಕಾಗದದಿಂದ ಎರಡೂ ಮೂಲೆಗಳ ಚೂಪನ್ನು ತುಸು ಮುರಿಯಬೇಕು. ಬಳಿಕ ತೊಳೆದು ಒರಸಬೇಕು. ಇಲ್ಲವಾದರೆ ಮರಳುಕಾಗದದ ಪುಡಿಯೇ ಹೊಸ ಗೀರಿಗೆ ಬೀಜವಾಗುತ್ತದೆ. ನಮದೆಯ ಅಂಚನ್ನು ಉಜ್ಜಲಾಗದು. ಅದರೊಳಗೆ ಧೂಳು ಕೂತು ಕಲ್ಲಾದರೆ ಅದನ್ನು ಬದಲಿಸುವುದೊಂದೇ ದಾರಿ. ಬಿಸಿಲಲ್ಲಿ ನಿಂತ ವಾಹನದ ಒಳಗೆ ಪಟ್ಟಿಯನ್ನು ಬಿಟ್ಟರೆ ಅದು ಡೊಂಕಾಗುತ್ತದೆ, ಡೊಂಕಾದ ಅಂಚು ಒಂದೆಡೆ ಒತ್ತಿ ಮತ್ತೊಂದೆಡೆ ಬಿಡುತ್ತದೆ.

ಮೊದಲು ಮೈ, ಅನಂತರ ಹಾಳೆ

ನಮ್ಮ ಭಾಗದ ಕಪ್ಪು ಮಣ್ಣಿನ ಧೂಳು ನಯವಾದುದು, ಕಣ್ಣಿಗೆ ಕಾಣುವುದಿಲ್ಲ. ಕಬ್ಬಿನ ಟ್ರೇಲರಿನ ಮೈಯಲ್ಲಿ ಅದರ ಜೊತೆ ಎಣ್ಣೆಯ ಜಿಡ್ಡೂ ರಸದ ಅಂಟೂ ಇರುತ್ತದೆ. ಮೊದಲು ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಬಟ್ಟೆಯಿಂದ ಒರಸಿ, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಮತ್ತೊಮ್ಮೆ ಒರಸಬೇಕು. ಸೀಮೆಎಣ್ಣೆ, ಡೀಸೆಲ್ಲುಗಳಿಂದ ಒರಸಿದರೆ ಹೊಳಪು ಬರುತ್ತದೆ, ಅಂಟು ಹಿಡಿಯುವುದಿಲ್ಲ. ಹಂಗಾಮಿನ ಮೊದಲು ಟ್ರೇಲರುಗಳಿಗೆ ಹೊಸ ಬಣ್ಣ ಹೊಡೆಯುವುದು ವಾಡಿಕೆ. ಬಣ್ಣ ಮೇಲೆ ಒಣಗಿದ್ದರೂ ಒಳಗಿನಿಂದ ಆವಿ ಹೊರಡುತ್ತಲೇ ಇರುತ್ತದೆ. ಮರುದಿನವೇ ಹಾಳೆ ಅಂಟಿಸಿದರೆ ಬೊಬ್ಬೆ ಏಳುತ್ತದೆ. ಬಣ್ಣ ಪೂರ್ತಿ ಬಲಿಯುವವರೆಗೆ ಕಾಯಬೇಕು.

ಹವೆಯನ್ನೂ ಗಮನಿಸಬೇಕು. 15ರಿಂದ 30 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕೆಲಸ ಹಗುರ. ನಡು ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಕಾದ ತಗಡು ಕೈ ಸುಡುತ್ತದೆ. ಅದರ ಮೇಲೆ ಹಾಳೆ ಬಿದ್ದಲ್ಲಿಯೇ ಹಿಡಿದುಬಿಡುತ್ತದೆ, ಮೆತ್ತಗಾಗಿ ಬೇಗ ಗೀರುತ್ತದೆ. ಬೆಳಗಿನ ಹೊತ್ತು, ಮರದ ನೆರಳು, ಗಾಳಿಗೆ ಮರೆ, ಈ ಮೂರೂ ಖರ್ಚಿಲ್ಲದ ಸಾಧನಗಳು.

ಕೈಯ ಹದ

ಪಟ್ಟಿಯನ್ನು ಮೇಲ್ಮೈಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಬೇಕು. ನೆಟ್ಟಗೆ ಹಿಡಿದರೆ ಅಂಚು ಅಲಗಾಗುತ್ತದೆ. ತೀರ ಮಲಗಿಸಿದರೆ ಒತ್ತಡ ಹರಡಿ ಗಾಳಿ ಉಳಿಯುತ್ತದೆ. ನಡುವಿನಿಂದ ಆರಂಭಿಸಿ ಅಂಚುಗಳ ಕಡೆಗೆ ಸಾಗಬೇಕು. ಜೋಳದ ರೊಟ್ಟಿ ತಟ್ಟುವ ತಾಯಂದಿರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ: ಹಿಟ್ಟು ನಡುವಿನಿಂದ ಸುತ್ತಲೂ ಸಮನಾಗಿ ಹರಿಯುವಂತೆ ಅವರ ಅಂಗೈ ತಾನೇ ಅಳತೆ ಹಾಕುತ್ತದೆ. ಪ್ರತಿ ಎಳೆತವೂ ಹಿಂದಿನ ಎಳೆತದ ಅರ್ಧಭಾಗವನ್ನು ಮುಚ್ಚಿಕೊಂಡು ಹೋಗಬೇಕು. ಆಗ ನಡುವೆ ಗಾಳಿಯ ಓಣಿ ಉಳಿಯುವುದಿಲ್ಲ.

ದೊಡ್ಡ ಹಾಳೆಯನ್ನು ಒಮ್ಮೆಲೆ ಹರಡಬಾರದು. ಹಿಂಬದಿಯ ಕಾಗದ ತೆಗೆಯದೆ ಅದರ ಸ್ಥಾನ ಗುರುತಿಸಿ, ಒಂದು ಅಂಚಿಗೆ ಅಥವಾ ನಡುವಿಗೆ ಕಾಗದದ ಅಂಟುಪಟ್ಟಿ ಹಾಕಿ ಬಾಗಿಲಿನ ತಿರುಗಣಿಯಂತೆ ಮಾಡಿಕೊಳ್ಳಬೇಕು. ಅನಂತರ ಹಿಂಬದಿಯ ಕಾಗದವನ್ನು ಗೇಣುಗೇಣಾಗಿ ಬಿಡಿಸುತ್ತ, ಒತ್ತುತ್ತ ಹೋದರೆ ಒಬ್ಬನೇ ಮನುಷ್ಯ ಆಳೆತ್ತರದ ಫಲಕವನ್ನು ನಿಭಾಯಿಸಬಹುದು. ಹಾಳೆಯನ್ನು ಹಿಗ್ಗಿಸಬಾರದು, ಹಿಗ್ಗಿಸಿದ್ದು ಬಿಸಿಲಿಗೆ ಮರಳಿ ಕುಗ್ಗಿ ಅಂಚಿನಲ್ಲಿ ಏಳುತ್ತದೆ. ಚಿಕ್ಕ ಗಾಳಿಗುಳ್ಳೆ ಉಳಿದರೆ ಅಲಗಿನಿಂದ ಸೀಳದೆ, ಗುಳ್ಳೆಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ ಬೆರಳಿನಿಂದ ಗಾಳಿ ಹೊರಡಿಸಬೇಕು. ಗಾಜಿಗಾದರೆ ನೀರಿನಲ್ಲಿ ಕೆಲವೇ ಹನಿ ಸಾಬೂನು ಬೆರಸಿ ಸಿಂಪಡಿಸಿ ಅಂಟಿಸಬಹುದು. ಪ್ರತಿಫಲನ ಪಟ್ಟಿಗೂ, ಗಾಳಿ ಹೊರಹೋಗಲು ಸೂಕ್ಷ್ಮ ಮಾರ್ಗವುಳ್ಳ ಹಾಳೆಗೂ ನೀರು ಬೇಡ.

ಪ್ರತಿಫಲನ ಪಟ್ಟಿಯನ್ನು ಮೊಳೆತಲೆಯ ಮೇಲೆ, ತಿರುಗಣಿಯ ಮೇಲೆ ಹಾಯಿಸಬಾರದು. ಅಲ್ಲಿ ಕತ್ತರಿಸಿ, ತುಸು ಜಾಗ ಬಿಟ್ಟು, ಕತ್ತರಿಸಿದ ಅಂಚುಗಳನ್ನು ನಮದೆಯ ಪಟ್ಟಿಯಿಂದಲೋ ರಬ್ಬರಿನ ಉರುಳೆಯಿಂದಲೋ ಎರಡೆರಡು ಸಲ ಒತ್ತಬೇಕು. ಏಳುವುದು ಯಾವಾಗಲೂ ಅಂಚಿನಿಂದಲೇ.

ಕನ್ನಡ ಅಕ್ಷರದ ಕಷ್ಟ

ಇಂಗ್ಲಿಷಿನ ಅಕ್ಷರಗಳು ಬಹುಪಾಲು ಒಂದೊಂದೇ ತುಂಡು. ಕನ್ನಡದಲ್ಲಿ ಹಾಗಲ್ಲ. ‘ಮುನವಳ್ಳಿ’ ಎಂದು ಕತ್ತರಿಸಿದರೂ ಳಕಾರದ ಒತ್ತು ಕೆಳಗೆ ಬೇರೆ ತುಂಡಾಗಿ ನಿಲ್ಲುತ್ತದೆ. ಒತ್ತಕ್ಷರಗಳು, ಅರ್ಕಾವೊತ್ತು, ಮಹಾಪ್ರಾಣದ ಸೀಳು, ಇವೆಲ್ಲ ಬೆರಳ ತುದಿಯಷ್ಟು ಚಿಕ್ಕ ಭಾಗಗಳು. ಅಂಟಿಗೆ ಅಲ್ಲಿ ವಿಸ್ತೀರ್ಣವೇ ಕಡಿಮೆ. ಗಡುಸು ಪಟ್ಟಿಯ ಮೂಲೆ ತಗುಲಿದರೆ ಒತ್ತು ಸರಿದುಹೋಗುತ್ತದೆ, ಒತ್ತು ಹೋದರೆ ಅರ್ಥವೇ ಹೋಗುತ್ತದೆ. ‘ಅಕ್ಕ’ನ ಒತ್ತು ಉದುರಿದರೆ ಅವಳು ಅಕ್ಕನಾಗಿ ಉಳಿಯುವಳೆ?

ಇದಕ್ಕೆ ಉಪಾಯವೆಂದರೆ, ಅಕ್ಷರಗಳ ಮೇಲೆ ವರ್ಗಾವಣೆಯ ಕಾಗದವನ್ನು ಹೊದಿಸಿ ಮೊದಲು ಅದನ್ನು ಚೆನ್ನಾಗಿ ಒತ್ತುವುದು. ಅನಂತರ ತಗಡಿಗೆ ಅಂಟಿಸಿ ಮತ್ತೆ ಒತ್ತುವುದು. ತಲೆಕಟ್ಟಿನಿಂದ ಒತ್ತಕ್ಷರದ ಕಡೆಗೆ, ಎಂದರೆ ಮೇಲಿನಿಂದ ಕೆಳಗೆ ಪಟ್ಟಿಯನ್ನು ಎಳೆಯಬೇಕು. ಸ್ವಲ್ಪ ಹೊತ್ತು ಬಿಟ್ಟು, ಕಾಗದವನ್ನು ಮೇಲಕ್ಕೆ ಜಗ್ಗದೆ ಅದರ ಮೈಮೇಲೆಯೇ ಹಿಂದಕ್ಕೆ ಮಡಿಚಿ ನಿಧಾನವಾಗಿ ಬಿಡಿಸಬೇಕು. ಬಿಡಿಸಿದ ಮೇಲೆ ಚಿಕ್ಕ ಭಾಗಗಳನ್ನು ಮೃದುವಾದ ಬಟ್ಟೆ ಸುತ್ತಿದ ಪಟ್ಟಿಯಿಂದ ಕೊನೆಯದಾಗಿ ಒಮ್ಮೆ ಒತ್ತಬೇಕು. ಕುಂಚ ಹಿಡಿದು ಫಲಕ ಬರೆಯುತ್ತಿದ್ದ ನಮ್ಮ ಕಲಾವಿದರಿಗೆ ಅಕ್ಷರದ ಅಂಗಾಂಗಗಳ ಪರಿಚಯ ಚೆನ್ನಾಗಿತ್ತು. ಯಂತ್ರ ಬಂದ ಮೇಲೆ ಅವರಲ್ಲಿ ಹಲವರ ಕೆಲಸ ಕುಗ್ಗಿತು. ತರುಣರು ಅಂಥವರನ್ನು ಹತ್ತಿರ ಕೂರಿಸಿಕೊಂಡು ಅಕ್ಷರದ ಅಳತೆ, ಅಂತರಗಳನ್ನು ಕೇಳಿ ತಿಳಿದರೆ ಯಂತ್ರದ ಕೆಲಸಕ್ಕೂ ಕಳೆ ಬರುತ್ತದೆ, ಹಿರಿಯರ ವಿದ್ಯೆಗೂ ಗೌರವ ಸಲ್ಲುತ್ತದೆ.

ಮನೆಯಲ್ಲಿ

ಗೃಹಿಣಿಯರು ಅಡುಗೆಮನೆಯ ಕಪಾಟಿಗೆ, ಮಕ್ಕಳ ಮೇಜಿಗೆ ಅಂಟುಹಾಳೆ ಹಾಕುವಾಗ ವಿಶೇಷ ಪಟ್ಟಿಯನ್ನು ಕೊಳ್ಳಲೇಬೇಕೆಂದಿಲ್ಲ. ಅವಧಿ ಮುಗಿದ ಪ್ಲಾಸ್ಟಿಕ್ ಕಾರ್ಡಿಗೆ ಹಳೆಯ ಧೋತರದ ಬಟ್ಟೆಯನ್ನು ಬಿಗಿಯಾಗಿ ಸುತ್ತಿದರೆ ಅದೇ ಒತ್ತುಪಟ್ಟಿ. ಬಟ್ಟೆ ಇಲ್ಲದೆ ಕಾರ್ಡನ್ನು ಬಳಸಿದರೆ ಉಬ್ಬಿದ ಅಂಕಿಗಳೂ ಅಂಚೂ ಗೀರುತ್ತವೆ. ಸ್ಟೀಲಿನ ಅಳತೆಗೋಲು, ಚಮಚದ ಬೆನ್ನು, ಬಳೆ ತೊಟ್ಟ ಕೈಯ ಮಣಿಕಟ್ಟು, ಇವುಗಳಿಂದ ಒತ್ತಬಾರದು. ವಾಹನದ ನೋಂದಣಿ ಫಲಕದ ಮೇಲಂತೂ ಯಾವ ಚಿತ್ರವನ್ನೂ ಹೆಸರನ್ನೂ ಅಂಟಿಸಬಾರದು. ಅದು ಕಾನೂನಿಗೆ ವಿರುದ್ಧ.

ಕೆಲಸ ಮುಗಿದ ಮೇಲೆ ಉಳಿಯುವ ತುಂಡುಗಳ ಬಗ್ಗೆಯೂ ಒಂದು ಮಾತು. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ಕಿನ ಬ್ಯಾನರು, ಫ್ಲೆಕ್ಸು ಮೊದಲಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳಿಗೆ ದೇಶದಾದ್ಯಂತ ನಿಷೇಧ ಬಂದಿದೆ. ಎರಡು ದಿನದ ಉತ್ಸವಕ್ಕೆ ಕಟ್ಟಿ ಮೂರನೆಯ ದಿನ ಹಳ್ಳಕ್ಕೆ ಎಸೆಯುವ ಫ್ಲೆಕ್ಸಿಗಿಂತ, ವರ್ಷಗಟ್ಟಲೆ ನಿಲ್ಲುವಂತೆ ಸರಿಯಾಗಿ ಅಂಟಿಸಿದ ಒಂದು ಫಲಕ ಲೇಸು. ವಿನೈಲ್ ಚೂರುಗಳನ್ನು ಹಿತ್ತಲಲ್ಲಿ ಸುಡಬಾರದು, ಪಿ.ವಿ.ಸಿ. ಸುಟ್ಟಾಗ ಹೈಡ್ರೊಜನ್ ಕ್ಲೋರೈಡು, ಡಯಾಕ್ಸಿನುಗಳಂತಹ ವಿಷ ಹೊರಡುತ್ತದೆ. ಆ ಚೂರುಗಳನ್ನು ಒಟ್ಟುಗೂಡಿಸಿ ಒಣ ಕಸದವರಿಗೇ ಕೊಡಬೇಕು.

ಕಾಯಕ ಯಾವುದಾದರೂ ಅದರ ಮರ್ಯಾದೆ ಇರುವುದು ಅದನ್ನು ಮಾಡುವ ಎಚ್ಚರದಲ್ಲಿ. ಈ ಹಂಗಾಮಿಗೆ ಗಾಡಿ ಹೊರಡಿಸುವ ಪ್ರತಿಯೊಂದು ರೈತ ಕುಟುಂಬವೂ ಒಂದು ಬೆಳಗನ್ನು ಇದಕ್ಕಾಗಿ ಮೀಸಲಿಡಲಿ. ಟ್ರೇಲರಿನ ಹಿಂಬದಿಯನ್ನು ತೊಳೆದು ಒರಸಿ, ಕೆಂಪು ಪಟ್ಟಿಯನ್ನು ನಮದೆಯ ಅಂಚಿನಿಂದ ಸಮನಾಗಿ ಒತ್ತಿ, ರಾತ್ರಿ ಒಮ್ಮೆ ದೂರದಿಂದ ಬ್ಯಾಟರಿ ಹಾಯಿಸಿ ನೋಡಲಿ. ಅದು ಅಖಂಡವಾಗಿ ಹೊಳೆದರೆ ಗಾಡಿಯನ್ನು ದಾರಿಗೆ ಬಿಡಬಹುದು. ತುಂಡುತುಂಡಾಗಿ ಮಂಕಾಗಿ ಕಂಡರೆ ಆ ಭಾಗವನ್ನು ಕಿತ್ತು ಮತ್ತೆ ಅಂಟಿಸಬೇಕು. ಚಕ್ಕಡಿಯಲ್ಲಿ ಗುಡ್ಡಕ್ಕೆ ಹೊರಡುವವರು ಗಾಡಿಯ ಹಿಂದಿನ ಹಲಗೆಗೂ ಹೀಗೆಯೇ ಮಾಡಲಿ. ಖರ್ಚು ಅಲ್ಪ, ಶ್ರಮವೂ ಅಲ್ಪ. ಅದರಿಂದ ಉಳಿಯುವುದು ದಾರಿಯಲ್ಲಿ ಎದುರಾಗುವ, ನಮಗೆ ಹೆಸರೂ ತಿಳಿಯದ ಯಾರದೋ ಜೀವ.